ದಂಟು, ಎಲೆ, ಅಂಕಿ

ಯಲಬುರ್ಗಾದ ಎರೆಹೊಲದಲ್ಲಿ ಹಿಂಗಾರಿ ಜೋಳ ಎದೆಯೆತ್ತರ ಬಂದಾಗ ತೆನೆಗಿಂತ ಮೊದಲು ಎಲೆ ನೋಡಬೇಕು. ಗಿಣ್ಣಿಗೊಂದೇ ಎಲೆ, ಒಂದು ಈ ಕಡೆ, ಮೇಲಿನದು ಆ ಕಡೆ. ಎಲೆಯ ಬುಡ ದಂಟನ್ನು ಸುತ್ತಿ ಹಿಡಿದಿರುತ್ತದೆ, ಅದರ ಮೇಲೆ ಬೂದಿಯಂಥ ಮೇಣದ ಲೇಪ. ತೇವ ಸಾಲದಾದರೆ ಎಲೆ ಸುರುಳಿಯಾಗಿ ನೀರು ಉಳಿಸುತ್ತದೆ. ನನಗೆ ಹಿಡಿಸುವುದು ನಡುನರ. ಅದು ಅಚ್ಚ ಬಿಳಿಯಿದ್ದರೆ ದಂಟಿನೊಳಗೆ ಒಣ ಬೆಂಡು, ಮಂಕು ಹಸಿರಿದ್ದರೆ ರಸ. ದಂಟು ಸೀಳದೆಯೇ ಒಳಗಿನ ಸುದ್ದಿ ಸಿಗುತ್ತದೆ. ಕಣಿಕೆ ತಿನ್ನುವ ಎತ್ತಿಗೆ ಇದು ಸಣ್ಣ ಮಾತಲ್ಲ.

ಅಂಕಿಗಳಿಗೂ ಇಂಥದೇ ಮೈಕಟ್ಟು ಕೊಟ್ಟವರು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟೂಕಿ. ಅವರ 1977ರ ಪುಸ್ತಕದಿಂದ ಕಾಂಡ-ಎಲೆ ನಕ್ಷೆ ಜನಪ್ರಿಯವಾಯಿತು. ಜೋಳದ ಗಿಡ ಅಳೆದಾಗ 156, 163, 152, 159, 168 ಸೆಂ.ಮೀ. ಬಂತೆನ್ನಿ. 15 ಎಂದು ಬರೆದು, ಗೆರೆ ಎಳೆದು, ಪಕ್ಕಕ್ಕೆ 2, 6, 9. ಕೆಳಗೆ 16, ಪಕ್ಕಕ್ಕೆ 3, 8. ಮುಗಿಯಿತು. ಸಾಲಿನ ಉದ್ದ ನೋಡಿದರೆ ಗುಂಪು ಎಲ್ಲಿದೆ ತಿಳಿಯುತ್ತದೆ. ಎಣಿಸುತ್ತ ಹೋದರೆ ನಟ್ಟನಡುವಿನ ಅಳತೆ 159 ಸಿಗುತ್ತದೆ. ಸ್ತಂಭನಕ್ಷೆ ಮೂಲ ಅಂಕಿಗಳನ್ನು ನುಂಗಿಬಿಡುತ್ತದೆ, ಇದು ಒಂದನ್ನೂ ಕಳೆಯುವುದಿಲ್ಲ.

ಜಪಾನಿನ ರೈಲು ನಿಲ್ದಾಣಗಳ ವೇಳಾಪಟ್ಟಿಯೂ ಹೀಗೇ: ಗಂಟೆ ಕಾಂಡ, ನಿಮಿಷಗಳು ಎಲೆ. (ಕೊಪ್ಪಳ, ಕುಷ್ಟಗಿ ಬಸ್ ನಿಲ್ದಾಣದ ಗೋಡೆಗೂ ಒಪ್ಪೀತು.) ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿ ಭತ್ತದ ಎತ್ತರವನ್ನು ಜೋಳದ ನಕ್ಷೆಯ ಅದೇ ಕಾಂಡದ ಎಡಕ್ಕೆ ಬರೆದರೆ, ಎರಡು ಬೆಳೆ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತವೆ. ಸಾವಿರಾರು ಅಂಕಿ ಬಂದರೆ ಮಾತ್ರ ಸಾಲು ಹಾಳೆಯಾಚೆ ಚಾಚುತ್ತದೆ. ಐವತ್ತು-ನೂರರವರೆಗೆ ಪೆನ್ಸಿಲ್ಲೊಂದೇ ಸಾಕು.