‘ಅರೇಬಿಕ’ ಶಬ್ದವಿಚಾರ

ಕೊಡಗಿನ ಮಡಿಕೇರಿ, ಸೋಮವಾರಪೇಟೆಗಳ ಕಡೆಯ ತೋಟಗಳಲ್ಲಿ ಬೆಳೆಯುವ ಕಾಫಿಯ ಒಂದು ಜಾತಿಯ ಹೆಸರು ಕನ್ನಡ ಬರಹಗಳಲ್ಲಿ ಒಮ್ಮೆ ‘ಅರೇಬಿಕಾ’ ಎಂದೂ ಒಮ್ಮೆ ‘ಅರೇಬಿಕ’ ಎಂದೂ, ವಿಭಕ್ತಿ ಹತ್ತಿದಲ್ಲಿ ‘ಅರೇಬಿಕಾಗೆ’, ‘ಅರೇಬಿಕಾಕ್ಕೆ’, ‘ಅರೇಬಿಕಕ್ಕೆ’ ಎಂದೂ ಕಾಣುತ್ತದೆ. ಇವುಗಳಲ್ಲಿ ಸಾಧುವಾವುದೆಂಬುದು ವಿಚಾರಾರ್ಹವಾಗಿದೆ.

ಮೂಲದಲ್ಲಿ ಇದು ನಾಮವಲ್ಲ, ವಿಶೇಷಣ. ಗ್ರೀಕರ ‘ಅರಬಿಕೊಸ್’ ಶಬ್ದವನ್ನು ಲ್ಯಾಟಿನರು ‘ಅರಬಿಕುಸ್’ ಎಂದು ಸ್ವೀಕರಿಸಿದರು. ಅರಬರಿಗೆ ಸಂಬಂಧಿಸಿದುದೆಂದು ಅರ್ಥ. ನಮ್ಮ ‘ವೈದಿಕ’ ಶಬ್ದದಲ್ಲಿ ಇಕ ಪ್ರತ್ಯಯವು ಮಾಡುವ ಕಾರ್ಯವನ್ನೇ ಅಲ್ಲಿಯ ಪ್ರತ್ಯಯವೂ ಮಾಡುತ್ತದೆ. ಸಂಸ್ಕೃತದಂತೆ ಅಲ್ಲಿಯೂ ವಿಶೇಷಣವು ವಿಶೇಷ್ಯದ ಲಿಂಗವಚನವಿಭಕ್ತಿಗಳನ್ನು ಅನುಸರಿಸುವುದು. ಕೆಂಪು ಸಮುದ್ರದ ಪ್ರಾಚೀನನಾಮವಾದ ‘ಸಿನುಸ್ ಅರಬಿಕುಸ್’ ಎಂಬಲ್ಲಿ ಪುಲ್ಲಿಂಗ. ಗೋಂದಿನ ಹೆಸರಾದ ‘ಗುಮ್ಮಿ ಅರಬಿಕುಮ್’ ಎಂಬಲ್ಲಿ ನಪುಂಸಕಲಿಂಗ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸನು 1753ರಲ್ಲಿ ಇಟ್ಟ ‘ಕೊಫೆಯ ಅರಬಿಕ’ ಎಂಬಲ್ಲಿ ಸ್ತ್ರೀಲಿಂಗ. ಗ್ರೀಕಿನ ಸ್ತ್ರೀಲಿಂಗರೂಪವು ‘ಅರಬಿಕೇ’ ಎಂದು ದೀರ್ಘಾಂತವಾಗಿದ್ದರೂ, ಲ್ಯಾಟಿನ್ನಿನಲ್ಲಿ ಪ್ರಥಮಾ ಏಕವಚನದ ಅಂತ್ಯ ಅಕಾರವು ಹ್ರಸ್ವವೇ.

ಆದುದರಿಂದ ‘ಅರೇಬಿಕಾ’ ಎಂಬ ದೀರ್ಘಕ್ಕೆ ಮೂಲದ ಬೆಂಬಲವಿಲ್ಲ. ಸಂಸ್ಕೃತದ ಆಕಾರಾಂತ ಸ್ತ್ರೀಲಿಂಗಗಳ ಸಾದೃಶ್ಯದಿಂದ ಅದನ್ನು ಸಮರ್ಥಿಸುವೆವೆಂದರೆ, ‘ಮಾಲಾ’ ಶಬ್ದವೇ ಕನ್ನಡಕ್ಕೆ ಬಂದು ‘ಮಾಲೆ’ಯಾಗಿದೆ, ಸಂಸ್ಕೃತಕ್ಕಿಲ್ಲದ ಸಲಿಗೆ ಲ್ಯಾಟಿನ್ನಿಗೇಕೆ? ಇದಲ್ಲದೆ ಕನ್ನಡದಲ್ಲಿ ಲಿಂಗವು ಅರ್ಥಾನುಸಾರಿಯೆಂಬುದು ಕೇಶಿರಾಜಾದಿಗಳ ಸಿದ್ಧಾಂತ. ಗಿಡವೂ ಬೀಜವೂ ನಪುಂಸಕವಾದುದರಿಂದ ಮೂಲದ ಸ್ತ್ರೀಲಿಂಗವು ಇಲ್ಲಿ ಅಕಿಂಚಿತ್ಕರ. ವಿಶೇಷ್ಯವನ್ನು ಬಿಟ್ಟು ತಾನೇ ನಾಮವಾಗಿ ನಿಂತ ಈ ಶಬ್ದವು ‘ಮರ’ ಶಬ್ದದಂತೆ ‘ಅರೇಬಿಕವನ್ನು’, ‘ಅರೇಬಿಕಕ್ಕೆ’, ‘ಅರೇಬಿಕದ’ ಎಂದು ನಡೆಯಬೇಕು. ಲ್ಯಾಟಿನ್ನಿನದೇ ವಿಶೇಷಣವಾಗಿ, ಬಲಿಷ್ಠವೆಂಬ ಅರ್ಥವುಳ್ಳ ‘ರೊಬಸ್ಟ’ ಶಬ್ದಕ್ಕೂ ಇದೇ ನ್ಯಾಯ.

ಹಾಗಾದರೆ ‘ರೇ’ ಎಂಬ ದೀರ್ಘವನ್ನೂ ತೆಗೆದು ‘ಅರಬಿಕ’ ಎನ್ನಬೇಡವೇ ಎಂದರೆ, ಬೇಡ. ಮೂಲದಲ್ಲಿ ಅದೂ ಇಲ್ಲ, ನಿಜ. ಆದರೆ ಅದು ಎಲ್ಲರ ಬಾಯಲ್ಲಿಯೂ ಏಕರೂಪವಾಗಿ ನೆಲೆಸಿದೆ, ಕನ್ನಡದ ವಿಭಕ್ತಿಗೆ ಅಡ್ಡಿಯನ್ನೂ ಮಾಡದು. ಕಡೆಯ ದೀರ್ಘವಾದರೋ ರೂಪಗಳನ್ನು ಕದಡುತ್ತದೆ.

‘ಅರಬ್ಬೀ ಕಾಫಿ’ ಎಂದು ಭಾಷಾಂತರಿಸುವುದೂ ಯುಕ್ತವಲ್ಲ. ಈ ಸಸ್ಯದ ತವರು ಇಥಿಯೋಪಿಯದ ಬೆಟ್ಟದ ಕಾಡು. ಅರಬರ ನಾಡು ಅದು ಲೋಕಕ್ಕೆ ಹಬ್ಬಿದ ಹಾದಿ ಮಾತ್ರ. ಅವಯವಾರ್ಥವು ವಸ್ತುವಿಗೆ ಹೊಂದದೆ ಹೋದಲ್ಲಿ ಯೋಗಕ್ಕಿಂತ ರೂಢಿಯೇ ಬಲವತ್ತರ. ಶಾಸ್ತ್ರೀಯವಾದ ಜೋಡಿನಾಮವನ್ನು ಬರೆಯುವಾಗ ಲ್ಯಾಟಿನ್ ವ್ಯಾಕರಣವು ಪ್ರಮಾಣವಾಗಲಿ. ಕನ್ನಡ ವಾಕ್ಯದೊಳಗೆ ಬಂದ ಶಬ್ದಕ್ಕೆ ಕನ್ನಡ ವ್ಯಾಕರಣವೇ ಪ್ರಮಾಣ. ಪರಿಭಾಷೆಯನ್ನು ರಚಿಸುವವರೂ ಪಾಠ ಹೇಳುವವರೂ ಇದನ್ನು ಪರಿಶೀಲಿಸಬೇಕಾಗಿ ವಿಜ್ಞಾಪನೆ.