ಒಂದು ಚಿಟಿಕೆ ನಶ್ಯಕ್ಕೆ ಮಾಣಿಕ್ಯದ ಮನೆ

ಅಂಗೈಯೊಳಗೆ ಅಡಗಿಬಿಡುವಷ್ಟು ಪುಟ್ಟದು, ಚೀನಾದ ಚಿಂಗ್ ಅರಸರ ಕಾಲದ ಕೆಂಪು ಗಾಜಿನ ನಶ್ಯದ ಕುಪ್ಪಿ. ಬೆಳಕಿಗೆ ಹಿಡಿದರೆ ದಾಳಿಂಬೆ ಕಾಳಿನ ಹೊಳಪು. ಶ್ರೇಷ್ಠ ಮಾಣಿಕ್ಯಗೆಂಪಿನ ಗುಟ್ಟು ಚಿನ್ನ. ಆಮ್ಲದಲ್ಲಿ ಕರಗಿಸಿದ ಚಿನ್ನದ ಅತಿ ಸಣ್ಣ ಪಾಲು ಗಾಜಿಗೆ ಸೇರುತ್ತದೆ. ಮೊದಲು ಬಣ್ಣವೇ ಕಾಣದು. ಮತ್ತೆ ಹದವಾಗಿ ಕಾಯಿಸಿದಾಗ ಕೆಂಪು ಮೆಲ್ಲನೆ ಏರುತ್ತದೆ.

1696ರಲ್ಲಿ ಕಾಂಗ್‌ಶೀ ಚಕ್ರವರ್ತಿ ಬೀಜಿಂಗ್‌ನಲ್ಲಿ ಅರಮನೆಯ ಗಾಜಿನ ಕಾರ್ಖಾನೆ ತೆರೆಸಿದ. ಅದನ್ನು ಕಟ್ಟಿ ನಿಲ್ಲಿಸಿದವರು ಜರ್ಮನಿಯ ಜೆಸ್ಯೂಟ್ ಪಾದ್ರಿ ಕಿಲಿಯನ್ ಸ್ಟುಂಫ್.

ನನ್ನ ಮನಸ್ಸು ಸೋಲುವುದು ಎರಡು ಪದರದ ಕುಪ್ಪಿಗೆ. ಹಿಮದಂಥ ಬಿಳಿ ಗಾಜಿನ ಮೇಲೆ ಕೆಂಪು ಗಾಜಿನ ಹೊದಿಕೆ. ಇಲ್ಲಿ ಉಳಿ, ಸುತ್ತಿಗೆಯ ಕೆಲಸವಿಲ್ಲ. ಜೇಡ್ ಕಲ್ಲನ್ನು ತಿದ್ದುವಂತೆ, ತಿರುಗುವ ಚಕ್ರಕ್ಕೆ ಗಡಸು ಹರಳಿನ ಒದ್ದೆ ಪುಡಿ ಹಚ್ಚಿ, ಬೇಡದ ಕೆಂಪನ್ನು ಸವೆಸುತ್ತ ಹೋಗುತ್ತಾರೆ. ಉಳಿದದ್ದೇ ಮೀನು, ತಾವರೆ, ಡ್ರ್ಯಾಗನ್. ಕೂದಲೆಳೆಯಷ್ಟು ಹೆಚ್ಚು ಸವೆದರೂ ಒಂದು ದಳ ಹೋಯಿತು!

ತೇವ ತಾಗದಂತೆ ಇಕ್ಕಟ್ಟಾದ ಬಾಯಿ, ಬಿಗಿಯಾದ ಬಿರಡೆ, ಬಿರಡೆಯಡಿಗೆ ಕಡ್ಡಿಯಂಥ ಪುಟ್ಟ ಚಮಚ. ಚಿಟಿಕೆ ಪುಡಿಗೆ ಇಷ್ಟು ತಾಳ್ಮೆ! ನಶ್ಯದ ಘಾಟು ಎಂದೋ ಆರಿತು; ಚಿನ್ನ ಕೊಟ್ಟ ಕೆಂಪು ಇಂದಿಗೂ ಮಾಸಿಲ್ಲ.