ಯಂತ್ರದ ನೆರವೂ ವೈದ್ಯನ ದೃಷ್ಟಿಕೌಶಲವೂ

‘ಲ್ಯಾನ್ಸೆಟ್ ಗ್ಯಾಸ್ಟ್ರೋಎಂಟರಾಲಜಿ ಅಂಡ್ ಹೆಪಟಾಲಜಿ’ ಎಂಬ ಪತ್ರಿಕೆಯಲ್ಲಿ ೨೦೨೫ನೆಯ ಇಸವಿಯ ಆಗಸ್ಟಿನಲ್ಲಿ ಪ್ರಕಟವಾದ ಪೋಲೆಂಡ್ ದೇಶದ ಸಂಶೋಧನೆಯೊಂದು ವೈದ್ಯರಲ್ಲಿಯೂ ಅಧ್ಯಾಪಕರಲ್ಲಿಯೂ ಬಹಳ ಚರ್ಚೆಯನ್ನೆಬ್ಬಿಸಿದೆ. ಕೃತಕಬುದ್ಧಿಯ ಯಂತ್ರಕ್ಕೆ ಒಗ್ಗಿದ ವೈದ್ಯರ ದೃಷ್ಟಿಯು, ಯಂತ್ರವಿಲ್ಲದಾಗ, ಮೊದಲಿಗಿಂತ ಮಂದವಾಗುವುದೆಂಬ ಶಂಕೆಯೇ ಅದರ ವಿಷಯ. ಇದನ್ನು ಸಿದ್ಧಾಂತವೆಂದೇ ಹಿಡಿದು ಮಾತನಾಡುವವರು ಹೆಚ್ಚುತ್ತಿರುವುದರಿಂದ, ಅದರಲ್ಲಿ ಸಾಧಿತವಾದುದೆಷ್ಟು, ಊಹಿತವಾದುದೆಷ್ಟು ಎಂಬುದನ್ನು ವಿವೇಚಿಸುವುದು ಅವಶ್ಯಕ.

ಕೊಲೊನೋಸ್ಕೊಪಿಯೆಂದರೆ ಕ್ಯಾಮರಾ ಉಳ್ಳ ನಳಿಕೆಯನ್ನು ದೊಡ್ಡಕರುಳಿನೊಳಕ್ಕೆ ಸೇರಿಸಿ ನೋಡುವ ಪರೀಕ್ಷೆ. ಮುಂದೆ ಅರ್ಬುದವಾಗಬಹುದಾದ ಅಡಿನೋಮವೆಂಬ ಗಂಟುಗಳನ್ನು ಅದು ತೋರಿಸುತ್ತದೆ. ಯಂತ್ರವು ಸಂಶಯದ ಸ್ಥಳಕ್ಕೆ ತೆರೆಯ ಮೇಲೆ ಚೌಕಟ್ಟನ್ನು ಹಾಕುತ್ತದೆ. ನಾಲ್ಕು ಕೇಂದ್ರಗಳಿಗೆ ೨೦೨೧ರ ಕೊನೆಯಲ್ಲಿ ಈ ಯಂತ್ರವು ಬಂದಿತು. ಅದಕ್ಕೆ ಹಿಂದಿನ ಮೂರು ತಿಂಗಳಲ್ಲಿ ೭೯೫ ಪರೀಕ್ಷೆಗಳ ಪೈಕಿ ೨೨೬ರಲ್ಲಿ, ಎಂದರೆ ನೂರಕ್ಕೆ ೨೮.೪ರಲ್ಲಿ, ಗಂಟು ಕಂಡಿತ್ತು. ಮುಂದಿನ ಮೂರು ತಿಂಗಳಲ್ಲಿ ಯಂತ್ರವಿಲ್ಲದೆ ನಡೆದ ೬೪೮ರ ಪೈಕಿ ೧೪೫ರಲ್ಲಿ, ಎಂದರೆ ನೂರಕ್ಕೆ ೨೨.೪ರಲ್ಲಿ ಮಾತ್ರ. ಪರೀಕ್ಷಿಸಿದ ೧೯ ಮಂದಿಯೂ ಎರಡು ಸಾವಿರಕ್ಕೆ ಮೀರಿ ಪರೀಕ್ಷೆ ನಡೆಸಿದ್ದ ಅನುಭವಿಗಳು.

ಯಂತ್ರ ಬಂದಿತು, ನೋಟ ಕುಗ್ಗಿತು; ಆದಕಾರಣ ಯಂತ್ರವೇ ಕಾರಣವೆಂದರೆ ನೈಯಾಯಿಕರು ಒಪ್ಪರು. ನಡುವೆ ಬೇರೊಂದು ಉಪಾಧಿಯಿಲ್ಲವೆಂದು ತೋರಿಸಿದ ಹೊರತು ವ್ಯಾಪ್ತಿಯು ನಿಲ್ಲದು. ಇಲ್ಲಿಯಾದರೋ ಉಪಾಧಿಶಂಕೆಗೆ ಬಲವಾದ ಎಡೆಯುಂಟು. ಅದೇ ಕಾಲದಲ್ಲಿ ಯಂತ್ರದ ನೆರವಿನಿಂದ ನಡೆದ ೭೩೪ ಪರೀಕ್ಷೆಗಳಲ್ಲಿಯೂ ಗಂಟು ಕಂಡುದು ನೂರಕ್ಕೆ ೨೫.೩ರಲ್ಲಿ. ನೆರವಿದ್ದಾಗಲೂ ಮೊದಲಿನ ಪ್ರಮಾಣವನ್ನು ಮುಟ್ಟಲಿಲ್ಲವಷ್ಟೆ! ಅಲ್ಲದೆ, ಒಟ್ಟು ಪರೀಕ್ಷೆಗಳು ೭೯೫ರಿಂದ ೧೩೮೨ಕ್ಕೆ ಏರಿದುವು. ಕೆಲಸದ ಹೊರೆಯೋ, ರೋಗಿಗಳಲ್ಲಿನ ಭೇದವೋ ಕಾರಣವಾಗಿರಬಾರದೇಕೆ? ಇದು ಕೇವಲ ಅವಲೋಕನರೂಪದ ಅಧ್ಯಯನವೆಂದು ಲೇಖಕರು ಶೀರ್ಷಿಕೆಯಲ್ಲಿಯೇ ಹೇಳಿದ್ದಾರೆ. ಉದ್ಧರಿಸುವವರು ಅಷ್ಟನ್ನೂ ಓದಿದಂತೆ ತೋರುವುದಿಲ್ಲ.

ಹಾಗೆಂದು ಭಯವು ನಿರಾಧಾರವೆಂದು ನಾವು ಹೇಳೆವು. ಹೇತುವು ದುರ್ಬಲವಾದ ಮಾತ್ರಕ್ಕೆ ಸಾಧ್ಯವು ಸುಳ್ಳಾಗದು. ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಸ್ಥ ಮಾಡಿದ್ದ ನಾವೇ, ಕೈಯೊಳಗಿನ ಮೊಬೈಲಿನಲ್ಲಿ ನಿಘಂಟು ದೊರೆತ ಮೇಲೆ, ವನೌಷಧಿವರ್ಗದಲ್ಲಿ ತಡವರಿಸುತ್ತಿದ್ದೇವೆ. ಆದರೆ ನಮಗೆ ಮರೆಯುವುದಕ್ಕಾದರೂ ಏನೋ ಇತ್ತು. ಮೊದಲ ದಿನದಿಂದಲೇ ಚೌಕಟ್ಟನ್ನು ನೋಡಿ ಕಲಿಯುವ ವೈದ್ಯವಿದ್ಯಾರ್ಥಿಯ ಗತಿಯೇನು? ಅನುಭವಿಗಳಲ್ಲಿ ಶಂಕಿಸುವುದು ನೈಪುಣ್ಯದ ಪ್ರಧ್ವಂಸವನ್ನು. ವಿದ್ಯಾರ್ಥಿಯಲ್ಲಿ ಶಂಕಿಸಬೇಕಾದುದು ಅದರ ಪ್ರಾಗಭಾವವು ಕಡೆಯವರೆಗೂ ನೀಗದೆ ಉಳಿಯುವುದನ್ನು. ಈ ಎರಡನೆಯದು ಹೆಚ್ಚಿನ ಹಾನಿ. ಪೋಲೆಂಡಿನ ಅಧ್ಯಯನವು ಅದನ್ನು ಮುಟ್ಟಿಯೇ ಇಲ್ಲ.

ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಯೋಗ್ಯಾಸೂತ್ರೀಯವೆಂಬ ಒಂಬತ್ತನೆಯ ಅಧ್ಯಾಯವು ಶಿಷ್ಯನ ಅಭ್ಯಾಸಕ್ಕೇ ಮೀಸಲು. ಶಾಸ್ತ್ರವನ್ನೆಲ್ಲ ಬಲ್ಲವನೂ ಅಭ್ಯಾಸವಿಲ್ಲದಿದ್ದರೆ ಕರ್ಮಕ್ಕೆ ಅನರ್ಹನೆಂದು ಹೇಳಿ, ಕುಂಬಳ, ಸೋರೆ, ಕಲ್ಲಂಗಡಿಗಳಲ್ಲಿ ಛೇದನವನ್ನೂ, ಸತ್ತ ಪಶುಗಳ ಸಿರೆ ಮತ್ತು ತಾವರೆಯ ದಂಟುಗಳಲ್ಲಿ ವೇಧನವನ್ನೂ ಅದು ವಿಧಿಸುತ್ತದೆ. ಈಗ ಕಣ್ಣಿಗೂ ಇಂತಹ ಯೋಗ್ಯೆಯು ಬೇಕಾಗಿದೆ. ವಿದ್ಯಾರ್ಥಿಯು ತಾನು ಕಂಡುದನ್ನು ಮೊದಲು ಬರೆದಿಟ್ಟು ಅನಂತರ ಯಂತ್ರದ ಗುರುತನ್ನು ನೋಡಲಿ. ಅವನಿಗೆ ಒಡ್ಡುವ ಪರೀಕ್ಷೆಯ ಒಂದು ಭಾಗವಾದರೂ ಯಂತ್ರವಿಲ್ಲದೆ ನಡೆಯಲಿ. ಹೀಗೆ ಕಲಿತವರನ್ನೂ, ಚೌಕಟ್ಟನ್ನೇ ನೋಡಿ ಕಲಿತವರನ್ನೂ ಸಮಾನರಾದ ರೋಗಿಗಳಲ್ಲಿ ಹೋಲಿಸಿ ಎಣಿಸಿದ ಮೇಲೆ ವ್ಯಾಪ್ತಿಯ ಮಾತನ್ನು ಆಡಬಹುದು.